ಗ್ರಹಣದ ರಾತ್ರಿ ಬೀಗ ಬಿದ್ದ ತಾರಸಿ: ಮುಂಬಯಿಯ ಕನ್ನಡ ಸಂಘಗಳಿಗೊಂದು ಬಹಿರಂಗ ಪತ್ರ

ಮುಂಬಯಿ, ಠಾಣೆ, ನವಿ ಮುಂಬಯಿ ಪರಿಸರದ ಕನ್ನಡ ಸಂಘಗಳ ಅಧ್ಯಕ್ಷರಿಗೆ, ಪದಾಧಿಕಾರಿಗಳಿಗೆ ಹಾಗೂ ವಿಶ್ವಸ್ಥರಿಗೆ,

ಮಾನ್ಯರೇ,

2025ರ ಸೆಪ್ಟೆಂಬರ್ 7, ಭಾನುವಾರ ರಾತ್ರಿ ಇಡೀ ಭಾರತದಿಂದ ಕಾಣುವಂಥ ಸಂಪೂರ್ಣ ಚಂದ್ರಗ್ರಹಣವಿತ್ತು. ರಾತ್ರಿ 9 ಗಂಟೆ 57 ನಿಮಿಷಕ್ಕೆ ಭೂಮಿಯ ದಟ್ಟ ನೆರಳು ಚಂದ್ರನನ್ನು ತಾಕಿತು. ಸುಮಾರು 11 ಗಂಟೆಯಿಂದ 12 ಗಂಟೆ 22 ನಿಮಿಷದವರೆಗೆ ಚಂದ್ರಬಿಂಬ ಪೂರ್ತಿಯಾಗಿ ಆ ನೆರಳಿನೊಳಗಿತ್ತು. ನಾನು ಆಜೀವ ಸದಸ್ಯನಾಗಿರುವ ಸಂಘವೊಂದು ಆ ರಾತ್ರಿ ತನ್ನ ಕಟ್ಟಡದ ತಾರಸಿಯ ಮೇಲೆ ಸದಸ್ಯರ ಮಕ್ಕಳಿಗಾಗಿ ಗ್ರಹಣ ವೀಕ್ಷಣೆಯನ್ನು ಏರ್ಪಡಿಸಿತ್ತು. ಮಳೆಗಾಲದ ಮೋಡ ಅಡ್ಡ ಬಂದೀತೆಂಬ ಅಳುಕನ್ನು ಬಿಟ್ಟರೆ ಸಿದ್ಧತೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ದೂರದರ್ಶಕ ಬಂದಿತ್ತು, ಮಕ್ಕಳ ಹೆಸರುಗಳ ಪಟ್ಟಿಯೂ ಆಗಿತ್ತು. ಆದರೆ ಕಾರ್ಯಕ್ರಮ ರದ್ದಾಗಿದೆ ಎಂಬ ಸುತ್ತೋಲೆ ಸದಸ್ಯರ ವಾಟ್ಸ್ಯಾಪ್ ಗುಂಪಿಗೆ ಬಂತು, ತಾರಸಿಗೆ ಬೀಗ ಬಿತ್ತು. ಆ ಸಂಘದ ಹೆಸರನ್ನು ನಾನಿಲ್ಲಿ ಹೇಳುತ್ತಿಲ್ಲ. ಇಂಥ ನಿರ್ಧಾರಕ್ಕೆ ಹಿಂದೆಮುಂದೆ ನೋಡದೆ ಕೈಯೆತ್ತುವವರು ನಮ್ಮ ಎಲ್ಲ ಸಂಘಗಳ ಕಾರ್ಯಕಾರಿ ಸಮಿತಿಗಳಲ್ಲಿಯೂ ಇದ್ದಾರೆ ಎಂಬುದು ಬಲ್ಲವರಿಗೆ ಗೊತ್ತಿರುವುದರಿಂದಲೇ ಈ ಪತ್ರವನ್ನು ಎಲ್ಲರಿಗೂ ಬರೆಯುತ್ತಿದ್ದೇನೆ.

ಸುತ್ತೋಲೆ ಕೊಟ್ಟ ಕಾರಣಗಳು ಮೂರು. ಗ್ರಹಣವನ್ನು ನೋಡುವುದು ಹಿರಿಯ ಸದಸ್ಯರ ಧಾರ್ಮಿಕ ಭಾವನೆಗೆ ನೋವುಂಟುಮಾಡುತ್ತದೆ. ಇಸ್ರೋದಂಥ ಸಂಸ್ಥೆಯ ವಿಜ್ಞಾನಿಗಳೇ ದೇವರ ಮುಂದೆ ತಲೆಬಾಗುತ್ತಿರುವಾಗ ವಿಜ್ಞಾನದ ಹೆಸರಿನಲ್ಲಿ ಮಕ್ಕಳ ಮನಸ್ಸಿನಲ್ಲಿ ಸಂಶಯ ಬಿತ್ತುವುದು ಸರಿಯಲ್ಲ. ಭಗವದ್ಗೀತೆಯೇ ‘ಸಂಶಯಾತ್ಮಾ ವಿನಶ್ಯತಿ’ ಎಂದಿದೆ. ಇವುಗಳಲ್ಲಿ ಯಾವುದನ್ನೂ ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಕನ್ನಡ ರಾತ್ರಿಶಾಲೆಯೊಂದರಲ್ಲಿ, ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ಕಣ್ಣುಜ್ಜಿಕೊಳ್ಳುತ್ತ ಬಂದು ಕೂರುತ್ತಿದ್ದ ಹುಡುಗರಿಗೆ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಆ ಹುಡುಗರಲ್ಲಿ ಬಹುಪಾಲು ಜನ ದೈವಭಕ್ತರು. ಗ್ರಹಣದ ದಿನ ಉಪವಾಸ ಮಾಡಿ, ಅದೇ ವಾರದ ಪರೀಕ್ಷೆಯಲ್ಲಿ ಭೂಮಿಯ ನೆರಳಿನ ಚಿತ್ರವನ್ನು ಒಂದು ಗೆರೆಯೂ ತಪ್ಪದಂತೆ ಬರೆಯುವವರಿದ್ದರು. ಅವರ ಉಪವಾಸವನ್ನು ನಾನು ಎಂದೂ ಗೇಲಿ ಮಾಡಲಿಲ್ಲ. ನನ್ನ ಚಿತ್ರ ಪಾಪವೆಂದು ಅವರೂ ಎಂದೂ ಹೇಳಲಿಲ್ಲ. ವಿಜ್ಞಾನ ಮತ್ತು ನಂಬಿಕೆ ಒಂದೇ ಬೆಂಚಿನ ಮೇಲೆ ಕೂತು ಓದುವುದನ್ನು ಕಂಡವನಾದ್ದರಿಂದ, ಅವೆರಡರ ನಡುವೆ ಬೀಗ ಹಾಕಿದ ಬಾಗಿಲೊಂದು ಇರಲೇಬೇಕೆಂಬ ವಾದ ನನಗೆ ಹೊಸದಾಗಿ ಕೇಳಿಸಿತು.

ಗೀತೆಯ ಮಾತಿನಿಂದಲೇ ಹೊರಡೋಣ. ಅದು ನಾಲ್ಕನೆಯ ಅಧ್ಯಾಯದ ನಲವತ್ತನೆಯ ಶ್ಲೋಕ. ತಿಳಿವೂ ಇಲ್ಲದ, ಶ್ರದ್ಧೆಯೂ ಇಲ್ಲದ, ಸಂಶಯವೇ ಸ್ವಭಾವವಾಗಿಬಿಟ್ಟವನ ಪಾಡನ್ನು ಅದು ಹೇಳುತ್ತದೆ. ಅಂಥ ಸಂಶಯ ಉಂಟು ಮತ್ತು ಅದು ಮನುಷ್ಯನನ್ನು ಕೆಡಿಸುವುದೂ ನಿಜ. ಯಾವ ಉತ್ತರ ಕೊಟ್ಟರೂ ಒಪ್ಪದ, ಉತ್ತರ ಬೇಕೆಂದೇ ಕೇಳದ, ಎಲ್ಲದರ ಹಿಂದೆಯೂ ಯಾರದೋ ಸಂಚನ್ನೇ ಕಾಣುವ ಸಂಶಯವದು. (ಸಂಶಯ ಬೇಡವೆಂದು ಸುತ್ತೋಲೆ ಹೊರಡಿಸಿದ ಅದೇ ವಾಟ್ಸ್ಯಾಪ್ ಗುಂಪಿನಲ್ಲಿ, ಕೋವಿಡ್ ಲಸಿಕೆಯ ಮೇಲೆ ಹರಿದಾಡಿದ ಸಂಶಯಗಳಿಗೆ ಲೆಕ್ಕವಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಸಿದರೆ ಯಾರೂ ಬೇಸರಿಸಬಾರದು.) ಆದರೆ ಅದೇ ಅಧ್ಯಾಯದಲ್ಲಿ, ಅದಕ್ಕಿಂತ ಆರೇ ಶ್ಲೋಕಗಳ ಹಿಂದೆ, ಜ್ಞಾನವನ್ನು ‘ಪ್ರಣಿಪಾತೇನ ಪರಿಪ್ರಶ್ನೇನ ಸೇವಯಾ’ ಪಡೆಯಬೇಕು ಎಂದಿದೆ, ನಮಸ್ಕಾರ ಮತ್ತು ಸೇವೆಯ ನಡುವೆ, ಅವುಗಳ ಸಮಕ್ಕೆ, ಮತ್ತೆ ಮತ್ತೆ ಕೇಳುವ ಪ್ರಶ್ನೆಯೂ ನಿಂತಿದೆ. ಆ ಗ್ರಂಥ ಹುಟ್ಟಿದ್ದೇ ಅರ್ಜುನನ ಸಂಶಯದಿಂದ. ಹದಿನೆಂಟು ಅಧ್ಯಾಯ ಉತ್ತರ ಹೇಳಿದ ಮೇಲೂ ಕೃಷ್ಣನು ಹೇಳುವುದು, ಇದನ್ನೆಲ್ಲ ಪೂರ್ತಿಯಾಗಿ ವಿಮರ್ಶಿಸಿ ನಿನಗೆ ಇಷ್ಟಬಂದಂತೆ ಮಾಡು ಎಂದು. ‘ವಿಮೃಶ್ಯೈತದಶೇಷೇಣ ಯಥೇಚ್ಛಸಿ ತಥಾ ಕುರು’ ಎಂಬ ಆ ಮಾತನ್ನು ನಮ್ಮ ಯಾವ ಸುತ್ತೋಲೆಯಲ್ಲೂ ನಾನು ಈವರೆಗೆ ಕಂಡಿಲ್ಲ.

ಗೀತೆಯೊಂದೇ ಅಲ್ಲ. ತರ್ಕಶಾಸ್ತ್ರದ ಮೂಲಗ್ರಂಥವಾದ ನ್ಯಾಯಸೂತ್ರ ತನ್ನ ಹದಿನಾರು ಪದಾರ್ಥಗಳನ್ನು, ಅಂದರೆ ವಿಚಾರದ ವಿಷಯಗಳನ್ನು, ಎಣಿಸುವಾಗ ಪ್ರಮಾಣ (ತಿಳಿಯುವ ಸಾಧನ), ಪ್ರಮೇಯ (ತಿಳಿಯಬೇಕಾದದ್ದು) ಇವುಗಳ ಬೆನ್ನಿಗೇ ಮೂರನೆಯದಾಗಿ ಇಟ್ಟಿರುವುದು ಸಂಶಯವನ್ನು. ಸಂಶಯವಿಲ್ಲದೆ ವಿಚಾರ ಹೊರಡುವುದೇ ಇಲ್ಲವೆಂಬುದು ಆ ದರ್ಶನದವರ ನಿಲುವು. ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತ, ಸೃಷ್ಟಿ ಎಲ್ಲಿಂದ ಬಂತೆಂಬುದನ್ನು ಪರಮ ವ್ಯೋಮದಲ್ಲಿರುವ ಅದರ ಅಧ್ಯಕ್ಷನು ಬಲ್ಲನೋ, ಅಥವಾ ಅವನೂ ಅರಿಯನೋ ಎಂದು ಕೇಳಿ ಅಲ್ಲಿಗೇ ನಿಂತುಬಿಡುತ್ತದೆ. ಎದುರಾಳಿಯ ವಾದವನ್ನು ಪೂರ್ವಪಕ್ಷವಾಗಿ ಮೊದಲು ಮಂಡಿಸಿ ಆಮೇಲೆ ಸಿದ್ಧಾಂತಕ್ಕೆ ಬರುವ ಕ್ರಮವನ್ನು ಆಚಾರ್ಯರೆಲ್ಲರೂ ಪಾಲಿಸಿದ್ದಾರೆ. ಪೂರ್ವಪಕ್ಷವನ್ನು ಸಭೆಯಿಂದ ಹೊರಗೆ ಹಾಕಿ ಬಾಗಿಲು ಮುಚ್ಚಿಕೊಂಡು ಸಿದ್ಧಾಂತ ಸಾರುವುದು ನಮ್ಮ ಪರಂಪರೆಯಲ್ಲ.

ಇನ್ನು ಗ್ರಹಣದ ವಿಷಯಕ್ಕೆ ಬಂದರೆ, ಅದನ್ನು ನೋಡಬಾರದೆಂಬ ಮಾತು ಪಂಚಾಂಗದ ಚರಿತ್ರೆಯ ಎದುರು ನಿಲ್ಲುವುದಿಲ್ಲ. ‘ಛಾದಯತಿ ಶಶೀ ಸೂರ್ಯಂ ಶಶಿನಂ ಮಹತೀ ಚ ಭೂಚ್ಛಾಯಾ’, ಸೂರ್ಯನನ್ನು ಚಂದ್ರ ಮರೆಮಾಡುತ್ತಾನೆ, ಚಂದ್ರನನ್ನು ಭೂಮಿಯ ಮಹಾಛಾಯೆ ಮರೆಮಾಡುತ್ತದೆ ಎಂದು ಆರ್ಯಭಟ ಕ್ರಿ.ಶ. 499ರ ಹೊತ್ತಿಗೇ ಬರೆದ. 628ರಲ್ಲಿ ಬ್ರಹ್ಮಗುಪ್ತ ಇದಕ್ಕಾಗಿ ಆರ್ಯಭಟನ ಮೇಲೆ ಹರಿಹಾಯ್ದು, ರಾಹುವನ್ನು ಅಲ್ಲಗಳೆಯುವುದು ವೇದಕ್ಕೂ ಲೋಕಕ್ಕೂ ವಿರೋಧವೆಂದ. ಆದರೆ ಅದೇ ಗ್ರಂಥದಲ್ಲಿ ಗ್ರಹಣದ ಲೆಕ್ಕವನ್ನು ನೆರಳಿನ ಗಾತ್ರ ಹಿಡಿದೇ ಮಾಡಿದ. ನಾಲ್ಕು ಶತಮಾನಗಳ ನಂತರ ಮಧ್ಯ ಏಷ್ಯಾದಿಂದ ಬಂದ ವಿದ್ವಾಂಸ ಅಲ್‌ಬಿರೂನಿ ಇದನ್ನು ಓದಿ ಬೆರಗಾಗಿ, ಇಷ್ಟು ಬಲ್ಲವನು ಹೀಗೇಕೆ ಬರೆದ, ಜನರಿಗೆ ಹೆದರಿದನೇ ಎಂದು ಚಿಂತಿಸಿದ್ದಾನೆ. ನನಗೇನೋ ಬ್ರಹ್ಮಗುಪ್ತನ ಮೇಲೆ ಕೋಪ ಬರುವುದಿಲ್ಲ. ಸಭೆಯಲ್ಲಿ ರಾಹುವಿನ ಪರ ಮಾತಾಡಿದರೂ ಲೆಕ್ಕದಲ್ಲಿ ಮೋಸ ಮಾಡದ ಗಣಿತಜ್ಞ ಅವನು. ನಮ್ಮ ಸಮಿತಿಗಳು ಅಷ್ಟನ್ನಾದರೂ ಉಳಿಸಿಕೊಂಡರೆ ಸಾಕು.

ಕೇರಳದ ಪರಮೇಶ್ವರ ಎಂಬ ನಂಬೂದಿರಿ ವಿದ್ವಾಂಸ ಹದಿನಾಲ್ಕು-ಹದಿನೈದನೆಯ ಶತಮಾನಗಳಲ್ಲಿ ಐವತ್ತೈದು ವರ್ಷ ಗ್ರಹಣಗಳನ್ನೂ ಗ್ರಹಗಳನ್ನೂ ಕಣ್ಣಾರೆ ನೋಡಿ, ಹಿಂದಿನ ಗಣಿತದ ಸಮಯವೂ ಆಕಾಶದ ಸಮಯವೂ ತಾಳೆಯಾಗದಿರುವುದನ್ನು ಗುರುತು ಹಾಕಿಕೊಂಡು, 1431ರಲ್ಲಿ ‘ದೃಗ್ಗಣಿತ’ ಎಂಬ ಹೊಸ ಪದ್ಧತಿಯನ್ನು ಕೊಟ್ಟ. ಇಂದಿಗೂ ನಾವು ದೃಕ್ ಪಂಚಾಂಗ ಎನ್ನುತ್ತೇವಲ್ಲ, ಕಣ್ಣಿಗೆ ಕಂಡದ್ದಕ್ಕೆ ಲೆಕ್ಕ ಒಪ್ಪಬೇಕೆಂಬ ಆ ಹಟಕ್ಕೆ ಇಂಥವರ ತಪಸ್ಸೇ ಮೂಲ. ಪುಣೆಯಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಕೇರೋ ಲಕ್ಷ್ಮಣ ಛತ್ರೆಯವರು ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆಯ ಕೋಷ್ಟಕಗಳನ್ನು ಪಾಶ್ಚಾತ್ಯ ಖಗೋಳ ಕೋಷ್ಟಕಗಳೊಂದಿಗೆ ಹೋಲಿಸಿ ತಿದ್ದಿದರು. ನರಗುಂದದಲ್ಲಿ ಹುಟ್ಟಿದ ವೆಂಕಟೇಶ ಬಾಪೂಜಿ ಕೇತಕರರು ಗ್ರಹಗಣಿತವನ್ನು ಇನ್ನಷ್ಟು ನಿಖರಗೊಳಿಸಿದರು. ಇವರು ಯಾರೂ ಧರ್ಮದ್ರೋಹಿಗಳಲ್ಲ. ಗ್ರಹಣದ ಸ್ನಾನ ಸರಿಯಾದ ಹೊತ್ತಿಗೇ ಆಗಬೇಕೆಂಬ ಶ್ರದ್ಧೆ ಇದ್ದುದರಿಂದಲೇ ಹಿಂದಿನವರ ಲೆಕ್ಕವನ್ನು ಸಂಶಯಿಸುವ ಧೈರ್ಯ ಇಂಥವರಿಗೆ ಬಂತು. ನಿಮ್ಮ ಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಸ್ಪರ್ಶಕಾಲ, ಮಧ್ಯಕಾಲ, ಮೋಕ್ಷಕಾಲ ಎಂದು ನಿಮಿಷದ ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ಹಿಂದೆ ಯಾರೋ ಅಂಗಳದಲ್ಲಿ ನಿಂತು ಆಕಾಶ ನೋಡಿರದಿದ್ದರೆ ಆ ಮೂರೂ ಹೊತ್ತುಗಳು ಯಾರಿಗೂ ಸಿಗುತ್ತಿರಲಿಲ್ಲ. ಹೀಗಿರುವಾಗ ತಾರಸಿಗೆ ಬೀಗ ಹಾಕಿದವರು ಸಂಪ್ರದಾಯವನ್ನು ಕಾಪಾಡಿದರೆಂದು ಹೇಗೆ ಹೇಳುವುದು?

ಭಾವನೆಗೆ ನೋವಾಗುತ್ತದೆ ಎಂಬ ಕಾರಣವನ್ನು ಕುರಿತು ಬಹಳ ಹೇಳಬೇಕಿಲ್ಲ. ಯಾರನ್ನೂ ತಾರಸಿಗೆ ಬರಲೇಬೇಕೆಂದು ಕರೆದಿರಲಿಲ್ಲ. ಸಂಘದ ಕೆಳಗಿನ ಸಭಾಂಗಣದಲ್ಲಿ ಜಪಕ್ಕೂ ಭಜನೆಗೂ ಜಾಗ ಕೊಡಬಹುದಿತ್ತು, ಮೇಲೆ ಮಕ್ಕಳು ಚಂದ್ರನನ್ನು ನೋಡಬಹುದಿತ್ತು; ಹೀಗೆ ಮಾಡೋಣವೆಂದು ಒಬ್ಬ ಸದಸ್ಯೆ ಸೂಚಿಸಿಯೂ ಇದ್ದರು. ಸಂವಿಧಾನದ 25ನೆಯ ವಿಧಿ ಕೊಡುವ ಆತ್ಮಸಾಕ್ಷಿಯ ಸ್ವಾತಂತ್ರ್ಯ ಜಪ ಮಾಡುವವರಿಗೆ ಇರುವಂತೆ ನೋಡುವವರಿಗೂ ಇದೆ. ವೈಜ್ಞಾನಿಕ ಮನೋಭಾವವನ್ನೂ ವಿಚಾರಿಸಿ ನೋಡುವ ಬುದ್ಧಿಯನ್ನೂ ಬೆಳೆಸುವುದು ನಾಗರಿಕರ ಕರ್ತವ್ಯವೆಂದು 51ಎ ವಿಧಿಯಲ್ಲಿ 1976ರ ತಿದ್ದುಪಡಿ ಸೇರಿಸಿದೆ. ನೋಡುವವರ ಭಾವನೆಗೂ ನೋವಾಗಬಹುದೆಂಬುದು ಸಮಿತಿಯವರಿಗೆ ಏಕೆ ಹೊಳೆಯಲಿಲ್ಲವೋ ತಿಳಿಯದು. ಆ ದಿನವೇ ಗಿರಗಾಂವ್ ಚೌಪಾಟಿಯಲ್ಲಿ ಲಾಲ್‌ಬಾಗಿನ ಗಣಪತಿಯ ವಿಸರ್ಜನೆ ಸಮುದ್ರದ ಉಬ್ಬರದಿಂದಾಗಿ ಗಂಟೆಗಟ್ಟಲೆ ತಡವಾಗಿ, ಗ್ರಹಣ ಹಿಡಿಯುವುದಕ್ಕೆ ಸ್ವಲ್ಪವೇ ಮುಂಚೆ ಮುಗಿಯಿತು. ಹುಣ್ಣಿಮೆಯ ಉಬ್ಬರ ಏಕೆ ಅಷ್ಟು ಜೋರು ಎಂದು ಮಗುವೊಂದು ಕೇಳಿದ್ದರೆ, ಸಾಲಾಗಿ ನಿಂತ ಅದೇ ಸೂರ್ಯ, ಭೂಮಿ, ಚಂದ್ರರನ್ನು ತೋರಿಸಿ ಉತ್ತರ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ರಾತ್ರಿ ಸಿಗುತ್ತಿರಲಿಲ್ಲ.

ಇಸ್ರೋದ ಮಾತು ಹೆಚ್ಚು ಗಂಭೀರವಾದದ್ದು. ಏಕೆಂದರೆ ಅದು ನಿಜ. 2019ರ ಜುಲೈಯಲ್ಲಿ ಚಂದ್ರಯಾನ-2ರ ಉಡಾವಣೆಗೆ ಮುನ್ನ ಸಂಸ್ಥೆಯ ಅಧ್ಯಕ್ಷರು ತಿರುಮಲಕ್ಕೆ ಹೋಗಿದ್ದರು. 2023ರ ಜುಲೈಯಲ್ಲಿ ಚಂದ್ರಯಾನ-3ಕ್ಕೆ ಮುನ್ನ ವಿಜ್ಞಾನಿಗಳ ತಂಡವೊಂದು ನೌಕೆಯ ಚಿಕ್ಕ ಮಾದರಿಯನ್ನೇ ಹಿಡಿದುಕೊಂಡು ಅದೇ ಸನ್ನಿಧಿಗೆ ಹೋಗಿತ್ತು. ವಿಚಾರವಾದಿ ಗೆಳೆಯರು ಇದನ್ನು ಕಂಡು ನಕ್ಕರು; ಆ ನಗು ನನಗೆ ಹಿಡಿಸಲಿಲ್ಲ. ವರ್ಷಗಟ್ಟಲೆ ದುಡಿದ ಮನುಷ್ಯರು ಕೊನೆಯ ಗಳಿಗೆಯ ತಳಮಳದಲ್ಲಿ ತಮ್ಮ ದೇವರನ್ನು ನೆನೆದರೆ ಅದರಲ್ಲಿ ಯಾರಿಗೂ ನಷ್ಟವಿಲ್ಲ. ಆದರೆ ಆ ಎರಡು ಯಾನಗಳ ನಡುವೆ ನಡೆದದ್ದನ್ನು ನೋಡಿ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ಇಳಿನೌಕೆ ವಿಕ್ರಮ್ ಚಂದ್ರನ ನೆಲಕ್ಕೆ ಅಪ್ಪಳಿಸಿತು. (ನಮ್ಮ ಗ್ರಹಣವೂ ಸೆಪ್ಟೆಂಬರ್ 7ರಂದೇ, ಇದರಲ್ಲಿ ಅರ್ಥ ಹುಡುಕಬಯಸುವವರಿಗೆ ನನ್ನ ಅಡ್ಡಿಯಿಲ್ಲ.) ದೇವರು ಮುನಿದನೆಂದು ಇಸ್ರೋ ಸುಮ್ಮನಾಗಲಿಲ್ಲ. ಎಂಜಿನ್‌ಗಳ ಒತ್ತು ಎಣಿಸಿದ್ದಕ್ಕಿಂತ ಹೆಚ್ಚಾದದ್ದು, ತಪ್ಪುಗಳು ಒಂದರ ಮೇಲೊಂದು ಕೂಡಿಕೊಂಡದ್ದು, ತಂತ್ರಾಂಶ ಅವನ್ನು ಸಕಾಲಕ್ಕೆ ತಿದ್ದಲಾರದೆ ಹೋದದ್ದು, ಇವನ್ನೆಲ್ಲ ಹೆಕ್ಕಿ ತೆಗೆದರು. ಮುಂದಿನ ನೌಕೆಯ ಐದು ಎಂಜಿನ್‌ಗಳು ನಾಲ್ಕಾದವು, ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಾಯಿತು. ಇಳಿಯಲು ಗುರುತಿಸಿದ್ದ ಐನೂರು ಮೀಟರ್ ಉದ್ದಗಲದ ತಾಣ ಹಿಗ್ಗಿ ನಾಲ್ಕು ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲದ ತಾಣವಾಯಿತು. ಏನೇನು ಕೆಡಬಹುದು ಎಂಬುದನ್ನೇ ಹಿಡಿದು ವಿನ್ಯಾಸ ಮಾಡಿದ್ದೇವೆಂದು ಅವರೇ ಹೇಳಿಕೊಂಡರು. 2023ರ ಆಗಸ್ಟ್ 23ರ ಸಂಜೆ ನೌಕೆ ಇಳಿಯಿತು. ಪ್ರಾರ್ಥನೆ ಎರಡು ಸಲವೂ ಇತ್ತು. ನಡುವೆ ಬದಲಾದದ್ದು ತಮ್ಮ ಕೆಲಸದ ಮೇಲೆ ತಾವೇ ತಿರುಗಿಸಿಕೊಂಡ ಸಂಶಯ. ಇಸ್ರೋವನ್ನು ಉದಾಹರಿಸುವ ಸಂಘ ತಿರುಮಲದ ಚಿತ್ರವನ್ನು ತೋರಿಸಿ ಆ ನಾಲ್ಕು ವರ್ಷಗಳ ಶೋಧವನ್ನು ಮರೆಮಾಚಬಾರದು.

ಇಷ್ಟು ಹೇಳಿದ ಮೇಲೆ ವಿಜ್ಞಾನದ ಪಕ್ಷದವರಿಗೂ ಒಂದೆರಡು ಮಾತು ಸಲ್ಲಬೇಕು. ಹೀಲಿಯಮ್ ಅನಿಲವನ್ನು 1868ರಲ್ಲಿ ಕೊಂಕಣದ ವಿಜಯದುರ್ಗದ ಕೋಟೆಯಿಂದ ಕಂಡುಹಿಡಿದರು ಎಂಬ ಮಾತನ್ನು ಮಹಾರಾಷ್ಟ್ರದಲ್ಲಿ ಎಷ್ಟೋ ಜನ ಅಭಿಮಾನದಿಂದ ಹೇಳುತ್ತಾರೆ, ಅಲ್ಲಿ ಅದರ ಉತ್ಸವವೂ ನಡೆಯುತ್ತದೆ. ಆದರೆ 1868ರ ಆಗಸ್ಟ್ 18ರ ಸಂಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ನೋಡಿದ್ದು ಗುಂಟೂರಿನಿಂದ. ಲೆಫ್ಟಿನೆಂಟ್ ಜಾನ್ ಹರ್ಷೆಲ್ ನೋಡಿದ್ದು ನಮ್ಮ ಜಮಖಂಡಿಯಿಂದ. ಇಂಗ್ಲಿಷ್ ಖಗೋಳಜ್ಞ ನಾರ್ಮನ್ ಲಾಕಿಯರ್ ಆಗ ಇಂಗ್ಲೆಂಡಿನಲ್ಲಿದ್ದು, ಗ್ರಹಣದ ಹಂಗಿಲ್ಲದೆಯೇ ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೂರ್ಯನ ಅಂಚಿನ ಬೆಳಕಿನಲ್ಲಿ ಹೀಲಿಯಮ್‌ನ ಗುರುತಾದ ಹಳದಿ ಗೆರೆಯನ್ನು ಕಂಡರು. ಅವರು ವಿಜಯದುರ್ಗಕ್ಕೆ ಬಂದದ್ದು ಮೂವತ್ತು ವರ್ಷಗಳ ನಂತರ, 1898ರ ಜನವರಿ 22ರ ಗ್ರಹಣಕ್ಕೆ. ಅದೇ ಗ್ರಹಣವನ್ನು ಪುಣೆಯ ಪ್ರಾಧ್ಯಾಪಕ ನಾಯಗಾಮ್‌ವಾಲಾ ಅವರು ಪುಣೆ–ಸೊಲ್ಲಾಪುರ ರೈಲುದಾರಿಯ ಜೇವೂರಿನಲ್ಲಿ ಬಿಡಾರ ಹೂಡಿ ವೀಕ್ಷಿಸಿದರು. ಕಲಬುರಗಿ ಕಡೆಗೆ ಹೋಗುವ ನಮ್ಮ ಜನ ಈಗಲೂ ಆ ನಿಲ್ದಾಣವನ್ನು ನಿದ್ದೆಯಲ್ಲಿ ದಾಟುತ್ತಾರೆ. ವಿಜಯದುರ್ಗದ ಕಥೆಯನ್ನು ನಂಬುವವರಲ್ಲಿ ವಿಜ್ಞಾನಪ್ರಿಯರೇ ಹೆಚ್ಚು. ಊರಿನ ಹೆಮ್ಮೆಗೆ ಒಗ್ಗುವ ಕಥೆಯನ್ನು ಯಾರೂ ಪರೀಕ್ಷಿಸುವುದಿಲ್ಲ. ಅಲ್ಲಿ ವಿಜ್ಞಾನಪ್ರಿಯನಿಗೂ ಭಕ್ತನಿಗೂ ಭೇದವಿಲ್ಲ. ಹಳದಿ ಗೆರೆಯನ್ನು ಕಂಡವರ ಮಾತನ್ನೇ ಆಗಿನ ಎಷ್ಟೋ ರಸಾಯನಶಾಸ್ತ್ರಜ್ಞರು ಒಪ್ಪಿರಲಿಲ್ಲ. ಭೂಮಿಯ ಮೇಲಿಲ್ಲದ ಧಾತು ಸೂರ್ಯನಲ್ಲಿದೆ ಎಂದರೆ ಹೇಗೆ ನಂಬುವುದು ಎಂಬ ಅವರ ಶಂಕೆ ನ್ಯಾಯವಾಗಿಯೇ ಇತ್ತು. 1895ರಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಅದಿರಿನಿಂದ ಅದೇ ಅನಿಲವನ್ನು ಹೊರತೆಗೆದು ತೋರಿಸುವವರೆಗೆ ಇಪ್ಪತ್ತೇಳು ವರ್ಷ ಆ ಶಂಕೆ ಕಾದಿತ್ತು, ತೋರಿಸಿದ ಮೇಲೆ ಬಿಟ್ಟುಕೊಟ್ಟಿತು.

ಪುಣೆಯ ಖಗೋಳಜ್ಞ ಜಯಂತ ನಾರಳೀಕರರು 2025ರ ಮೇ ತಿಂಗಳಲ್ಲಿ ತೀರಿಕೊಂಡಾಗ ನಮ್ಮ ಸಂಘಗಳಲ್ಲಿಯೂ ಶ್ರದ್ಧಾಂಜಲಿ ಸಭೆಗಳು ನಡೆದವು. ಅಲ್ಲಿ ಅವರನ್ನು ಮಹಾ ವಿಜ್ಞಾನಿ ಎಂದು ಹೊಗಳಿದರೇ ಹೊರತು, ಅವರು ಜೀವನವಿಡೀ ವಿಜ್ಞಾನದೊಳಗೇ ಸಂಶಯಿಯಾಗಿದ್ದರೆಂಬುದನ್ನು ನಾನು ಹೋದ ಸಭೆಯಲ್ಲಿ ಯಾರೂ ಹೇಳಲಿಲ್ಲ. ವಿಶ್ವಕ್ಕೆ ಒಂದು ಆರಂಭದ ಮಹಾಸ್ಫೋಟವಿತ್ತೆಂಬ ಸಿದ್ಧಾಂತವನ್ನು ಜಗತ್ತಿನ ಬಹುಪಾಲು ಖಗೋಳಜ್ಞರು ಒಪ್ಪಿದ ಮೇಲೂ ಅವರು ಬ್ರಿಟಿಷ್ ಖಗೋಳಜ್ಞ ಫ್ರೆಡ್ ಹಾಯ್ಲ್ ಅವರೊಂದಿಗೆ ಬೇರೆಯದನ್ನೇ ವಾದಿಸಿದರು. ಮಹಾಸ್ಫೋಟದ ಉಳಿಕೆಯೆಂದು ಬಹುಪಾಲು ಖಗೋಳಜ್ಞರು ಬಗೆಯುವ, 1965ರಲ್ಲಿ ಪತ್ತೆಯಾದ ಹಿನ್ನೆಲೆ ವಿಕಿರಣ ಅವರ ಪಕ್ಷಕ್ಕೆ ದೊಡ್ಡ ಪೆಟ್ಟು ಕೊಟ್ಟರೂ ಅವರು ಪ್ರಶ್ನೆ ಕೇಳುವುದನ್ನು ನಿಲ್ಲಿಸಲಿಲ್ಲ. ಅವರ ಪಕ್ಷ ಗೆಲ್ಲಲಿಲ್ಲ. ಆದರೂ ಯಾರೂ ಅವರನ್ನು ಬಹಿಷ್ಕರಿಸಲಿಲ್ಲ; ಪುಣೆಯಲ್ಲಿ ‘ಆಯುಕಾ’ ಎಂಬ ಖಗೋಳ ಸಂಸ್ಥೆಯನ್ನು ಕಟ್ಟುವ ಹೊಣೆ ಅವರಿಗೇ ಬಂತು, ಅಲ್ಲಿ ಮಹಾಸ್ಫೋಟವನ್ನು ಒಪ್ಪುವ ಸಂಶೋಧಕರೂ ನೆಮ್ಮದಿಯಿಂದ ಕೆಲಸ ಮಾಡಿದರು. ಅದೇ ನಾರಳೀಕರರು ಜ್ಯೋತಿಷವನ್ನು ಪರೀಕ್ಷಿಸಿದ ರೀತಿಯೂ ಗಮನಿಸುವಂಥದ್ದು. ಬಯ್ಯಲಿಲ್ಲ, ಜರೆಯಲಿಲ್ಲ. ಇನ್ನೂರು ಜಾತಕಗಳನ್ನು ಕೂಡಿಸಿದರು: ನೂರು ಪ್ರತಿಭಾವಂತ ಮಕ್ಕಳವು, ನೂರು ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳವು. ಒಪ್ಪಿ ಮುಂದೆ ಬಂದ ಜ್ಯೋತಿಷಿಗಳಿಗೆ ತಲಾ ನಲವತ್ತು ಜಾತಕ ಕಳಿಸಿ ಯಾವುದು ಯಾರದೆಂದು ಹೇಳಿ ಎಂದರು. ಉತ್ತರ ಕಳಿಸಿದ ಇಪ್ಪತ್ತೇಳು ಜನರ ಸರಾಸರಿ ಶೇಕಡಾ 46. ಸುಮ್ಮನೆ ನಾಣ್ಯ ಚಿಮ್ಮಿದ್ದರೂ ಅರ್ಧದಷ್ಟು ಸರಿಯಾಗುತ್ತಿತ್ತು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಅದನ್ನು ಒಪ್ಪದವರು ತಮ್ಮದೇ ಪರೀಕ್ಷೆ ಮಾಡಿ ತೋರಿಸಲು ಅಡ್ಡಿಯಿಲ್ಲ, ಇಂದಿಗೂ.

ಆ ಪರೀಕ್ಷೆಯಲ್ಲಿ ನಾರಳೀಕರರ ಜೊತೆಗಿದ್ದವರಲ್ಲಿ ಡಾ. ನರೇಂದ್ರ ದಾಭೋಳಕರರೂ ಒಬ್ಬರು. 2013ರ ಆಗಸ್ಟ್ 20ರ ಬೆಳಗ್ಗೆ ಪುಣೆಯಲ್ಲಿ ವಾಯುವಿಹಾರಕ್ಕೆ ಹೋಗಿದ್ದಾಗ ಅವರನ್ನು ಗುಂಡಿಟ್ಟು ಕೊಂದರು. ಎರಡು ವರ್ಷಗಳ ನಂತರ, 2015ರ ಆಗಸ್ಟ್ 30ರಂದು, ಧಾರವಾಡದ ಮನೆಯ ಬಾಗಿಲಲ್ಲಿ ಡಾ. ಎಂ. ಎಂ. ಕಲಬುರ್ಗಿಯವರನ್ನು ಕೊಂದರು. ಮುಂಬಯಿಗೂ ಧಾರವಾಡಕ್ಕೂ ನಂಟಿರುವ ನಮ್ಮಂಥವರಿಗೆ ಅದು ಮನೆಯೊಳಗಿನ ಸಾವು. ತಾರಸಿಗೆ ಬೀಗ ಹಾಕಿದವರನ್ನು ಆ ಕೊಲೆಗಡುಕರ ಸಾಲಿನಲ್ಲಿ ನಿಲ್ಲಿಸುವಷ್ಟು ಅನ್ಯಾಯದ ಮಾತನ್ನು ನಾನು ಆಡಲಾರೆ. ಅವರು ಸಜ್ಜನರು, ನನ್ನ ಹಳೆಯ ಸ್ನೇಹಿತರು. ದಾಭೋಳಕರರು ದೇವರ ಮೇಲೆ ಯುದ್ಧ ಸಾರಿದವರಲ್ಲ, ದೇವರ ಹೆಸರಿನ ವಂಚನೆಯನ್ನು ಹಿಡಿಯಹೊರಟವರು ಎಂಬುದನ್ನಷ್ಟೇ ಅವರಿಗೆ ನೆನಪಿಸುತ್ತೇನೆ. ಅವರ ಸಾವಿನ ಬೆನ್ನಿಗೆ ಮಹಾರಾಷ್ಟ್ರದಲ್ಲಿ ಬಂದ ಮಾಟಮಂತ್ರ ವಿರೋಧಿ ಕಾಯ್ದೆ ಯಾತ್ರೆ, ಪ್ರದಕ್ಷಿಣೆ, ಹರಿಕಥೆ, ಕೀರ್ತನೆ, ಭಜನೆಗಳನ್ನು ಮುಟ್ಟುವುದಿಲ್ಲವೆಂದು ತಾನೇ ಹೇಳುತ್ತದೆ. ಪ್ರಶ್ನೆ ಕೇಳುವವನು ನಮ್ಮವನಲ್ಲ ಎಂದು ಸಜ್ಜನರೇ ಸಣ್ಣ ಸಣ್ಣ ಸುತ್ತೋಲೆಗಳಲ್ಲಿ ಒಪ್ಪಿಕೊಂಡರೆ, ಆ ಮಾತು ಮುಂದೆ ಯಾರ ಬಾಯಿಗೆ ಹೋಗುತ್ತದೆ ಎಂಬುದರ ಮೇಲೆ ಅವರಿಗೆ ಹಿಡಿತ ಉಳಿಯುವುದಿಲ್ಲ.

ನಂಬಿಕೆಯಿಂದ ಯಾರಿಗೆ ಏನು ನಷ್ಟ ಎಂದು ಕೇಳುವವರಿದ್ದಾರೆ. ಬಹಳಷ್ಟು ನಂಬಿಕೆಗಳಿಂದ ನಷ್ಟವಿಲ್ಲ. ನೀರಿನ ಕೊಡಕ್ಕೆ ದರ್ಭೆ ಹಾಕಿದರೆ ನೀರು ಕೆಡುವುದಿಲ್ಲ. ಆದರೆ 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿಯ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ಗುಣವಾಗುತ್ತದೆಂದು, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಹೂತವರು ಆ ಮಕ್ಕಳನ್ನು ಪ್ರೀತಿಸುವ ತಂದೆತಾಯಂದಿರೇ. ನಮ್ಮ ಉಪನಗರಗಳ ಫ್ಲ್ಯಾಟುಗಳಲ್ಲಿ ಇಷ್ಟು ಘೋರವಾದದ್ದು ನಡೆಯುವುದಿಲ್ಲ ನಿಜ. ಆದರೆ ಬಸುರಿ ಹೆಂಗಸರನ್ನು ಗ್ರಹಣ ಮುಗಿಯುವವರೆಗೆ ನೀರೂ ಕೊಡದೆ ಕೋಣೆಯಲ್ಲಿ ಕೂರಿಸುವುದು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ಅಜ್ಜಂದಿರು ಊಟ ಬಿಡುವುದು ಇಲ್ಲಿಯೂ ಇದೆ. ಗ್ರಹಣ ನೋಡಿದರೆ ಮಗುವಿಗೆ ಸೀಳುತುಟಿ ಬರುತ್ತದೆಂದು ಬಸುರಿಯನ್ನು ಹೆದರಿಸುತ್ತಾರೆ. ಆಮೇಲೆ ಅಂಥ ಮಗು ಹುಟ್ಟಿದರೆ ಕಿಟಕಿಯ ಬಳಿ ನಿಂತೆಯಾ ಎಂದು ಆ ತಾಯಿಯನ್ನೇ ಜೀವನವಿಡೀ ಚುಚ್ಚುತ್ತಾರೆ. ಸೀಳುತುಟಿಗೆ ಆನುವಂಶಿಕ ಕಾರಣಗಳಿವೆ. ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಯ ಪೋಷಣೆ, ಧೂಮಪಾನ, ಕೆಲವು ಔಷಧಗಳೂ ಸೇರಿ ಅನೇಕ ಸಂಗತಿಗಳಿಗೂ ಅದಕ್ಕೂ ಸಂಬಂಧವಿದೆ. ಚಂದ್ರನ ಮೇಲೆ ಬಿದ್ದ ನೆರಳಿಗೆ ಇಲ್ಲ. ಇದನ್ನು ಸಂಘದ ವೇದಿಕೆಯಿಂದ ಒಬ್ಬ ಕನ್ನಡದ ವೈದ್ಯೆ ಹೇಳಿದರೆ ಕೇಳುವ ಮನೆಗಳು ನೂರಾರು ಇವೆ.

ಇನ್ನು ನನ್ನ ವಿನಂತಿ. 2027ರ ಆಗಸ್ಟ್ 2, ಸೋಮವಾರ, ಆಷಾಢ ಅಮಾವಾಸ್ಯೆಯ ದಿನ ಸೂರ್ಯಗ್ರಹಣವಿದೆ. ಈಜಿಪ್ಟಿನ ಲಕ್ಸರ್ ಸುತ್ತಮುತ್ತ ಅದು ಆರು ನಿಮಿಷಕ್ಕೂ ಹೆಚ್ಚು ಕಾಲ ಸಂಪೂರ್ಣ. ಮುಂಬಯಿಯಲ್ಲಿ ಸೂರ್ಯ ಪಶ್ಚಿಮಕ್ಕೆ ವಾಲಿದ ಮೇಲೆ ಭಾಗಶಃ ಕಾಣುತ್ತದೆ. ಅಂದು ನಮ್ಮವರ ಮನೆಗಳಲ್ಲಿ ಭೀಮನ ಅಮಾವಾಸ್ಯೆಯ ಪೂಜೆ. ತುಳುನಾಡಿನವರಿಗೆ ಆಟಿ ಅಮಾವಾಸ್ಯೆ. ಸೂರ್ಯ ಹುಟ್ಟುವ ಮುಂಚೆ ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಹಾಲೆಮರದ ತೊಗಟೆಯ ಕಷಾಯವನ್ನು ಅಂದು ಕುಡಿಯುತ್ತಾರೆ. ಮರ ಗುರುತಿಸಲು ಬಾರದವರು ವಿಷದ ಕಾಸರಕನ ಮರದ ತೊಗಟೆ ತಂದು ಪ್ರಾಣಕ್ಕೆ ಅಪಾಯ ತಂದುಕೊಂಡ ಸುದ್ದಿಗಳಿವೆ. ಆದ್ದರಿಂದ ಭಕ್ತಿಯಿಂದ ಕುಡಿಯುವವರೂ ತೊಗಟೆ ತಂದವನನ್ನು ಎರಡು ಸಲ ಕೇಳಿಯೇ ಕುಡಿಯುತ್ತಾರೆ, ಕೇಳಲೇಬೇಕು. ಬೆಳಗ್ಗೆ ಕಷಾಯ, ಮಧ್ಯಾಹ್ನ ಪೂಜೆಯ ಊಟ, ಆಮೇಲೆ ತಾರಸಿಯ ಮೇಲೆ ಗ್ರಹಣ ಎಂದು ಒಂದೇ ದಿನದ ಕಾರ್ಯಕ್ರಮ ಮಾಡಲು ಇದಕ್ಕಿಂತ ಒಳ್ಳೆಯ ಅವಕಾಶ ಬರಲಾರದು. ಗ್ರಹಣದಲ್ಲಿ ಉಣ್ಣದವರು ಮೊದಲೇ ಉಂಡು ಬರಲಿ, ಸ್ನಾನ ಮಾಡುವವರು ಮೋಕ್ಷಕಾಲದ ನಂತರ ಮನೆಗೆ ಹೋಗಿ ಮಾಡಲಿ. ಬರುವುದು ಬಿಡುವುದು ಅವರವರ ಇಚ್ಛೆ. ಸಂಘ ಮಾಡಬೇಕಾದದ್ದು ಇಷ್ಟೇ: ಬಾಗಿಲು ತೆರೆದಿಡುವುದು, ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ಒಬ್ಬಿಬ್ಬರನ್ನು ಕರೆಯುವುದು, ಪುರೋಹಿತರು ಬಂದು ಪಂಚಾಂಗದ ಲೆಕ್ಕವನ್ನು ವಿವರಿಸುವುದಾದರೆ ಅವರಿಗೂ ಅದೇ ವೇದಿಕೆ ಕೊಡುವುದು.

ಚಂದ್ರಗ್ರಹಣವನ್ನು ಬರಿಗಣ್ಣಿನಲ್ಲಿ ಧಾರಾಳವಾಗಿ ನೋಡಬಹುದು, ಸೂರ್ಯಗ್ರಹಣವನ್ನು ಹಾಗೆ ನೋಡಬಾರದು. ಅಕ್ಷಿಪಟಲ ಸುಡುವಾಗ ನೋವು ತಿಳಿಯುವುದಿಲ್ಲವಾದ್ದರಿಂದ ಮಕ್ಕಳು ಸುಮ್ಮನೆ ನೋಡುತ್ತಲೇ ನಿಲ್ಲುತ್ತಾರೆ. ಎಕ್ಸ್‌ರೇ ಫಿಲ್ಮು, ಮಸಿ ಹಿಡಿಸಿದ ಗಾಜು, ತಂಪು ಕನ್ನಡಕ ಯಾವುದೂ ಆಗುವುದಿಲ್ಲ. ಐಎಸ್ಒ 12312-2 ಮಾನಕಕ್ಕೆ ಒಪ್ಪುವ ಗ್ರಹಣ ಕನ್ನಡಕಗಳೇ ಬೇಕು. ನಿಮ್ಮ ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಅದಕ್ಕಾಗಿ ಒಂದು ಸಣ್ಣ ಮೊತ್ತವನ್ನು ಮಂಜೂರು ಮಾಡಿಸಿ ಕನ್ನಡಕಗಳನ್ನು ಮೊದಲೇ, ನಂಬಿಕಸ್ಥ ತಯಾರಕರಿಂದ ತರಿಸಿಡಿ. ಗ್ರಹಣ ಹತ್ತಿರವಾದಂತೆ ನಕಲಿಗಳು ಪೇಟೆಗೆ ಬರುತ್ತವೆ. ಪೊಟ್ಟಣದ ಮೇಲೆ ಅಚ್ಚಾದ ಮಾನಕದ ಸಂಖ್ಯೆಯನ್ನು ಕಂಡ ಮಾತ್ರಕ್ಕೆ ನಂಬದೆ, ಪ್ರತಿಯೊಂದನ್ನೂ ಮನೆಯ ದೀಪದ ಎದುರು ಹಿಡಿದು ನೋಡಿ. ದೀಪ ಸ್ಪಷ್ಟವಾಗಿ ಕಂಡರೆ ಅದನ್ನು ಮಕ್ಕಳ ಕೈಗೆ ಕೊಡಬೇಡಿ.

ಇತಿ ನಿಮ್ಮ ವಿಶ್ವಾಸಿ,
ರಾತ್ರಿಶಾಲೆಯ ನಿವೃತ್ತ ವಿಜ್ಞಾನ ಶಿಕ್ಷಕ,
ಡೊಂಬಿವಲಿ